ನೀರು ಬರಬಾರದ ಬಾವಿ

ನನ್ನ ಖಾನಾವಳಿಯ ಹಿತ್ತಲಲ್ಲಿ ಬಾವಿ ತೋಡಿಸಬೇಕೆಂದು ನೀರು ನೋಡುವ ಚನ್ನವೀರಯ್ಯನವರನ್ನು ಕರೆಸಿದ್ದೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ಸುತ್ತಿ, ಹುಣಸೆಮರದ ಹತ್ತಿರ ನಿಂತು, "ಇಲ್ಲಿ ಐತಿ ನೋಡವ್ವ ದುಂಡವ್ವ, ಸಿಹಿನೀರು, ಲಗೂನ ಸಿಗತೈತಿ" ಅಂದರು. "ಆ ಜಾಗಾ ಬ್ಯಾಡ್ರಿ. ನೀರ ಎಲ್ಲಿ ಇಲ್ಲ ಅದನ್ನ ಹೇಳ್ರಿ, ಬಾವಿ ಅಲ್ಲಿ ತೋಡಸ್ತೀನಿ" ಅಂದೆ ನಾನು. ಬೇರೆ ಊರಿನವರಾಗಿದ್ದರೆ ನನ್ನನ್ನು ದವಾಖಾನೆಗೆ ಸಾಗಿಸುತ್ತಿದ್ದರು. ಚನ್ನವೀರಯ್ಯನವರು ನಮ್ಮೂರಿನವರೇ ಆದ್ದರಿಂದ, "ಹುಡುಗ ಲಡಾಯಿಗೆ ಹೊಂಟಾನೇನು?" ಎಂದು ಮಾತ್ರ ಕೇಳಿದರು. ಹೂಂ ಅಂದೆ. ಹಿತ್ತಲ ಮೂಲೆಯಲ್ಲಿ ಹುಲ್ಲು ಕೂಡ ಬೆಳೆಯದ ಒಂದು ಬರಡು ಜಾಗ ತೋರಿಸಿ, ಇಷ್ಟು ವರ್ಷದಲ್ಲಿ ಇಂಥ ಕೆಲಸಕ್ಕೆ ಯಾರೂ ಕರೆದಿರಲಿಲ್ಲ ಎಂದು ಗೊಣಗುತ್ತ ಹೋದರು.

ನಮ್ಮೂರಲ್ಲಿ ಸತ್ತವರು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲು ಬರುತ್ತಾರೆ. ಮಣ್ಣು ಮಾಡಿ ನಾಲ್ಕಾರು ದಿನವಾದ ಮೇಲೆ ಮುಂಬಾಗಿಲಿನಿಂದಲೇ ಒಳಗೆ ಬಂದು, ಕಾಲು ತೊಳೆದುಕೊಂಡು, ಕೆಲಸಕ್ಕೆ ಕೂರುತ್ತಾರೆ. ಅವರಿಗೆ ಹಸಿವು ನಿದ್ದೆ ಇರುವುದಿಲ್ಲ, ಪೆಟ್ಟಾದರೆ ನೋಯುವುದಿಲ್ಲ. ಉಳಿದಂತೆ ಬದುಕಿದ್ದಾಗ ಹೇಗೋ ಹಾಗೇ. ಜಗಳಗಂಟರು ಜಗಳ ತೆಗೆಯುತ್ತಾರೆ, ಹರಟೆಮಲ್ಲರು ಹರಟುತ್ತಾರೆ. ಕೆಲಸ ಮಾತ್ರ ಒಂದೇ. ಅದು ಮುಗಿದ ಗಳಿಗೆಗೆ ಉಸ್ಸಪ್ಪಾ ಎಂದು ಕೂತರೆ ಆಯಿತು, ಆಮೇಲೆ ಎಷ್ಟು ಕರೆದರೂ ಇಲ್ಲ. ಬೇರೆ ಯಾರಾದರೂ ಕೈ ಹಾಕಿ ಆ ಕೆಲಸ ಮುಗಿಸಿಬಿಟ್ಟರೆ ಅವರು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಹೀಗಾಗಿ ಒಬ್ಬರ ಅರೆಗೆಲಸವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ದೂರ ಹೋಗುವವರು ಏನನ್ನಾದರೂ ಅರ್ಧ ಬಿಟ್ಟೇ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಅರ್ಧ ಬಣ್ಣ ಹಚ್ಚಿದ ಬಾಗಿಲು, ಅರ್ಧ ಹೆಣೆದ ಹೊರಸು, ಒಂದು ತೋಳಿಲ್ಲದ ಅಂಗಿ ಮನೆಗೊಂದರಂತೆ ಸಿಗುತ್ತವೆ. ಪರವೂರಿನವರು ನಮ್ಮನ್ನು ಸೋಮಾರಿಗಳು ಅನ್ನುತ್ತಾರೆ. ಅನ್ನಲಿ. ಟೇಲರ್ ಗೌಸುಸಾಬ ಸತ್ತ ಮೇಲೆ ನನ್ನ ಕುಪ್ಪಸ ಮುಗಿಸಲು ಬಂದವನು, ಕೊನೆಯ ಗುಂಡಿ ಒಂದನ್ನು ಹಚ್ಚದೆ ಮಳೆಗಾಲ ಪೂರ್ತಿ ಕಟ್ಟೆಯ ಮೇಲೆ ಕೂತು ಊರಿನ ಚಾಡಿ ಹೇಳಿದ. ಕಡೆಗೆ ಅವನ ಹೆಂಡತಿಯೇ "ಸಾಕ್ರಿ ಇನ್ನ, ನನಗೂ ನಿದ್ದಿ ಬೇಕು" ಎಂದು ಸೂಜಿಗೆ ದಾರ ಪೋಣಿಸಿ ಕೈಗೆ ಕೊಟ್ಟಳು.

ಲಡಾಯಿಗೆ ಹೊರಟಿದ್ದ ಹುಡುಗ ಅಂದರೆ ನನ್ನ ಅಣ್ಣನ ಮಗ ಕಲ್ಮೇಶ. ಅವನು ತೊಟ್ಟಿಲಲ್ಲಿದ್ದಾಗಲೇ ಹೆತ್ತವಳು ಹೋದಳು. ಅವನಿಗೆಂದು ಅರ್ಧ ಹೊಲಿದಿದ್ದ ಕುಲಾವಿಯನ್ನು ಮುಗಿಸಲು ಬಂದು, ದಿನಕ್ಕೊಂದು ಹೊಲಿಗೆ ಹಾಕುತ್ತ, ಮಗ ಎದ್ದು ಹೆಜ್ಜೆ ಇಡುವವರೆಗೂ ತೊಟ್ಟಿಲ ಪಕ್ಕ ಕೂತಿದ್ದಳು. ಕುಲಾವಿ ಮುಗಿಯುವ ಹೊತ್ತಿಗೆ ಅದು ಅವನ ತಲೆಗೆ ಆಗುತ್ತಿರಲಿಲ್ಲ. ಆಮೇಲೆ ಸಾಕಿದವಳು ನಾನು. ಮದುವೆಯಾಗಿ ಗಂಡನನ್ನು ಬೇಗ ಕಳೆದುಕೊಂಡ ನನಗೆ ಖಾನಾವಳಿ ಒಂದು ಕೂಸು, ಇವನೊಂದು ಕೂಸು. ಎರಡೂ ಬೆಳಗಿನಿಂದ ಸಂಜೆವರೆಗೆ ನನ್ನ ಜೀವ ತಿಂದವು, ಎರಡರ ಮೇಲೂ ನನಗೆ ಭಾರಿ ಜಂಬವಿತ್ತು.

ಅವನಲ್ಲಿದ್ದ ದೋಷ ಒಂದೇ, ಯಾವುದನ್ನೂ ಅರ್ಧಕ್ಕೆ ಬಿಡಲು ಬರುತ್ತಿರಲಿಲ್ಲ. ಅದು ಅಪ್ಪನಿಂದ ಬಂದದ್ದು. ನನ್ನಣ್ಣ ಫಕೀರಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು, ಊಟಕ್ಕೆ ನನ್ನ ಖಾನಾವಳಿಗೇ ಬರುವವನು. ಇಡೀ ಊರಿನಲ್ಲಿ ಅರೆಗೆಲಸ ಒಂದೂ ಇಲ್ಲದ ಮನೆ ಅವನದೊಂದೇ. "ನಾ ಸತ್ರ ಸತ್ತಂಗ, ಹೊಳ್ಳಿ ಬಂದು ನಿಮ್ಮ ಮಾರಿ ಯಾಕ ನೋಡ್ಲಿ?" ಅನ್ನುತ್ತಿದ್ದ. ಮಗನೂ ಹಾಗೇ. ಕಥೆ ಹೇಳಲು ಕೂತರೆ ಮುಗಿಯುವ ತನಕ ನನ್ನನ್ನು ತೂಕಡಿಸಲು ಬಿಡುತ್ತಿರಲಿಲ್ಲ. ಓಟದ ಪಂದ್ಯದಲ್ಲಿ ಕಾಲುಗುರು ಕಿತ್ತುಹೋದರೂ ಕುಂಟುತ್ತ ಓಡಿದ. ಬಹುಮಾನ ಹಂಚಿ, ಮಂದಿ ಮನೆಗೆ ಹೋಗಿ, ಮೈದಾನದಲ್ಲಿ ದನ ಮೇಯಲು ಬಂದಿದ್ದವು, ಇವನು ಗೆರೆ ಮುಟ್ಟಿದ ಮೇಲೆಯೇ ನಿಂತ. ಇಂಥವನನ್ನು ಸೈನ್ಯದವರು ಬಿಡುತ್ತಾರೆಯೇ? ಹೆಗಲ ಮೇಲೆ ಎರಡು ನಕ್ಷತ್ರ ಹಚ್ಚಿಸಿಕೊಂಡು ಲೆಫ್ಟಿನೆಂಟ್ ಆಗಿ ಬಂದು ನಿಂತಾಗ, ಹೆಣ್ಣು ಹೆತ್ತವರೆಲ್ಲ ಹಸಿವಿಲ್ಲದಿದ್ದರೂ ನನ್ನ ಖಾನಾವಳಿಗೆ ಊಟಕ್ಕೆ ಬರತೊಡಗಿದರು. ಆ ವಾರ ನನಗೆ ಆದ ವ್ಯಾಪಾರ ಮತ್ತೆಂದೂ ಆಗಿಲ್ಲ.

ಅಷ್ಟರಲ್ಲಿ ಲಡಾಯಿ ಬಂತು. ಗಡಿಯಲ್ಲಿದ್ದ ಹೊಳೆ ಒಂದು ಮಳೆಗಾಲ ದಿಕ್ಕು ಬದಲಿಸಿ ಹರಿದು, ಒಂದಿಷ್ಟು ಮರಳು ದಿಬ್ಬ ಆ ಕಡೆಯವರದೋ ಈ ಕಡೆಯವರದೋ ತಿಳಿಯದಂತಾಯಿತಂತೆ. ಮುಂದಿನ ಮಳೆಗಾಲದವರೆಗೆ ಕಾದಿದ್ದರೆ ಹೊಳೆಯೇ ಹೇಳುತ್ತಿತ್ತೋ ಏನೋ. ಅಷ್ಟು ತಾಳ್ಮೆ ಯಾರಿಗಿದೆ, ತೋಪು ತಂದು ನಿಲ್ಲಿಸಿದರು. ಗಡಿಗೆ ಹೋಗುವ ಮೊದಲು ಕಲ್ಮೇಶನಿಗೆ ಒಂದಿಷ್ಟು ರಜೆ ಸಿಕ್ಕಿತು. ಬಂದ ದಿನವೇ ಅವನ ಮುಂದೆ ಒಂದು ಹೊರಸು, ಒಂದು ಹಗ್ಗದ ಸಿಂಬೆ ಇಟ್ಟು ಹೆಣೆ ಅಂದೆ. ಮಧ್ಯಾಹ್ನದ ಊಟದೊಳಗೆ ಹೆಣೆದು ಮುಗಿಸಿ ಅದರ ಮೇಲೆಯೇ ಮಲಗಿದ. ಮರುದಿನ ಅಡುಗೆಮನೆಯ ಗೋಡೆಗೆ ಸುಣ್ಣ ಹಚ್ಚಲು ಹೇಳಿದೆ. ನಮ್ಮ ಗೋಡೆ ಮುಗಿಸಿ, ಸುಣ್ಣ ಉಳಿಯಿತೆಂದು ಪಕ್ಕದ ಮನೆಯವರದನ್ನೂ ಬಳಿದು ಬಂದ. ಆಗಲೇ ನಾನು ಬಾವಿಯ ವಿಚಾರ ಮಾಡಿದ್ದು. ನೀರು ಕಾಣದೆ ಬಾವಿ ಮುಗಿಯಿತು ಅನ್ನುವಂತಿಲ್ಲ. ನೀರಿಲ್ಲದ ಜಾಗದಲ್ಲಿ ತೋಡಲು ಹಚ್ಚಿದರೆ, ದೇವರು ಅವನನ್ನು ಕರೆದುಕೊಂಡರೂ ನಾನು ಇರುವಷ್ಟು ದಿನ ನನ್ನ ಹಿತ್ತಲಲ್ಲೇ ಇರುತ್ತಾನೆ ಎಂಬುದು ನನ್ನ ಲೆಕ್ಕ.

ಅವನಿಗೂ ಅದು ಗೊತ್ತಿತ್ತು. "ಮಂದಿ ಮಕ್ಕಳಿಗೆ ಆರತಿ ಎತ್ತಿ ಕಳಸ್ತಾರ, ನೀ ಗುದ್ದಲಿ ಕೊಟ್ಟು ಕಳಸಾಕತ್ತೀಯಲ್ಲತ್ತಿ" ಎಂದು ನಕ್ಕ. "ಬಾಯಿ ಮುಚ್ಕೊಂಡು ತೋಡು" ಅಂದೆ. ತೋಡಿದನಪ್ಪಾ! ಸೀಟಿ ಹೊಡೆಯುತ್ತ, ಮಿಲಿಟರಿ ತಾಳದಲ್ಲಿ ಗುದ್ದಲಿ ಹಾಕುತ್ತ, ನೋಡುನೋಡುತ್ತಲೇ ಸೊಂಟದಷ್ಟು, ಎದೆಯಷ್ಟು, ಆಮೇಲೆ ತಲೆಯೂ ಕಾಣದಂತಾಯಿತು. ಚನ್ನವೀರಯ್ಯನವರ ಮೇಲೆ ನನಗಿದ್ದ ನಂಬಿಕೆ ಅಲುಗಾಡಿತು. ನೀರು ಬಂದುಗಿಂದೀತೆಂದು ಹೆದರಿ, ಅವನ ವೇಗ ತಗ್ಗಿಸಲು ದಿನಾ ಹೋಳಿಗೆ ಮಾಡಿ, ಮೇಲೆ ತುಪ್ಪ ಸುರಿದು ತಿನ್ನಿಸಿದೆ. ತಿಂದು ತೇಗಿ, "ಇದು ಮೋಸ ಅತ್ತಿ" ಎಂದು ಹುಣಸೆಮರದ ನೆರಳಲ್ಲಿ ಬೀಳುತ್ತಿದ್ದ. ಖಾನಾವಳಿಯ ಗಿರಾಕಿಗಳು ಕೈ ತೊಳೆಯಲು ಹಿತ್ತಲಿಗೆ ಬಂದವರು ಬಗ್ಗಿ ನೋಡಿ, ನೀರು ಬಂದಿಲ್ಲ ತಾನೇ ಎಂದು ವಿಚಾರಿಸಿಕೊಂಡು, ಸಮಾಧಾನದಿಂದ ಹೋಗುತ್ತಿದ್ದರು.

ಹೊರಡುವ ಹಿಂದಿನ ದಿನ ಬಾವಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತು, "ಅತ್ತಿ, ಒಂದ ವ್ಯಾಳ್ಯಾ ನಾ ಬರದಿದ್ರ ಏನ ಮಾಡ್ತಿ?" ಎಂದು ಕೇಳಿದ. ಹಾಗೆ ಕೇಳುವಾಗ ಅವನು ನಗುತ್ತಿರಲಿಲ್ಲ. "ಬರದ ಎಲ್ಲಿ ಹೋಗ್ತಿ? ಅರ್ಧಾ ಬಿಟ್ಟ ಕೂಡಾಕ ನಿನಗ ಆಗೂದಿಲ್ಲ" ಅಂದೆ. "ಅದೂ ಖರೇನ" ಎಂದು ನನ್ನ ಸೆರಗಿಗೆ ಕೈ ಒರೆಸಿಕೊಂಡ. ಹೊರಟ ದಿನ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಸಿದ್ಧನಾದವನು ಸುಮ್ಮನೆ ಹಿತ್ತಲಿಗೆ ಹೋಗಿ ನಿಂತಿದ್ದ. "ಬಸ್ಸಿಗಿನ್ನಾ ಹೊತ್ತೈತಿ, ಒಂದೀಟ ತೋಡಲೇನು?" ಅಂದ. ಗುದ್ದಲಿ ಕಿತ್ತುಕೊಂಡು ಹೊರಗೆ ದಬ್ಬಿದೆ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಿಂದ ಕೈ ಬೀಸಿದ.

ಬೇಸಿಗೆ ಮುಗಿಯುವ ಮೊದಲೇ ಖಾನಾವಳಿಯ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದ ಇಬ್ಬರು ಅಧಿಕಾರಿಗಳು ಟೊಪ್ಪಿಗೆ ತೆಗೆದು ಬಗಲಲ್ಲಿಟ್ಟುಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಇಷ್ಟು ಎಳೆಯ ಜೀವ, ಇನ್ನೂ ಮೀಸೆ ಸರಿಯಾಗಿ ದಟ್ಟವಾಗಿರಲಿಲ್ಲ. ಅತ್ತು ಹಗುರಾದ ಮೇಲೆ ಕಣ್ಣೊರೆಸಿಕೊಂಡು, "ಅಂದ್ರ ಇನ್ನ ನಾಕಾರು ದಿನಕ್ಕ ಬರ್ತಾನಲ್ರಿ? ಚಹಾ ಕುಡೀತೀರೇನು?" ಎಂದು ಕೇಳಿದೆ. ಪಾಪ, ಆ ಇಬ್ಬರೂ ಮುಖ ಮುಖ ನೋಡಿಕೊಂಡರು. ಪೆಟ್ಟಿಗೆ ಬಂದ ದಿನ ಸೈನಿಕರು ಸಾಲಾಗಿ ನಿಂತು ಗುಂಡು ಹಾರಿಸಿದರು, ಕಹಳೆ ಊದಿದರು. ಕಹಳೆ ಊದುವ ಹುಡುಗ ತಾನೇ ಕಣ್ಣೀರು ಹಾಕುತ್ತಿದ್ದ. ನಮ್ಮೂರ ಮಂದಿ ಮಾತ್ರ ಮಣ್ಣು ಹಾಕುತ್ತ, ಆ ಹಳೇ ಗುದ್ದಲಿಯ ಕಾವು ಬದಲಿಸಬೇಕೋ ಬೇಡವೋ, ಬಂದವನಿಗೆ ಬಿಸಿಲು ಹತ್ತದಂತೆ ಬಾವಿಯ ಮೇಲೆ ಚಪ್ಪರ ಹಾಕಿದರೆ ಹೇಗೆ ಎಂದು ಚರ್ಚೆ ಮಾಡುತ್ತಿದ್ದರು. ಸೈನ್ಯದವರು ನಮ್ಮನ್ನು ಮನುಷ್ಯರೇ ಅಲ್ಲ ಅಂದುಕೊಂಡು ಹೋಗಿರಬೇಕು.

ಚಪ್ಪರ ಹಾಕಿದೆವು. ಬಾಜಾದವರಿಗೆ ಹೇಳಿದೆವು. ನಾನು ಹೋಳಿಗೆಯ ಹೂರಣ ಅರೆದಿಟ್ಟೆ, ಅವನು ಉಣ್ಣದಿದ್ದರೂ ವಾಸನೆಯನ್ನಾದರೂ ನೋಡಲಿ ಎಂದು. ಮುಂಬಾಗಿಲು ತೆರೆದೇ ಇತ್ತು. ವಾರ ಕಳೆಯಿತು, ಹೂರಣ ಹಳಸಿತು, ಚಪ್ಪರದ ತೆಂಗಿನ ಗರಿ ಒಣಗಿತು. ಕಲ್ಮೇಶ ಬರಲಿಲ್ಲ. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ತಲೆ ಎತ್ತುತ್ತಿದ್ದೆ. ಊಟಕ್ಕೆ ಬಂದ ಗಿರಾಕಿಗಳ ಮುಖ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಯಾರೋ ಬಾವಿ ಮುಗಿಸಿರಬೇಕು ಎಂಬ ಗುಸುಗುಸು ಓಣಿಯಲ್ಲಿ ಎದ್ದಿತು. ಒಂದು ದಿನ ಚನ್ನವೀರಯ್ಯನವರೇ ಬಂದು ಬಗ್ಗಿ ನೋಡಿದರು. ನೀರಿನ ಹನಿ ಇರಲಿಲ್ಲ. ಆದರೆ ಬಾವಿಯ ಗೋಡೆ ಹದವಾಗಿ ಕೆತ್ತಿ ನುಣುಪು ಮಾಡಿದಂತಿತ್ತು, ತಳ ಗುಡಿಸಿದಂತಿತ್ತು. "ಯಾರೋ ಇಳದಾರ" ಅಂದರು.

ಅಣ್ಣ ಅಲ್ಲೇ ನಿಂತಿದ್ದ. "ನಾನ ಇಳದಿದ್ದೆ. ಗ್ವಾಡಿ ಸೊಟ್ಟ ಇತ್ತು, ಕಸಾ ಬಿದ್ದಿತ್ತು. ಬರೂ ಹುಡುಗ ನೋಡಿದ್ರ ಬೇಜಾರ ಮಾಡ್ಕೋತಾನಂತ ಸರಿ ಮಾಡೀನಿ. ತೋಡಿಲ್ಲವ್ವ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಹಾಳಾದ ಕೈ ಸುಮ್ಮನಿರಲಿಲ್ಲಲ್ಲ! ಹೆತ್ತ ಮಗನ ದಾರಿ ನೀನ ಮುಚ್ಚಿದಿ" ಎಂದು ಎಲ್ಲರ ಎದುರಿಗೇ ಕೂಗಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಆಮೇಲೆಯೂ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದ, ಬೇರೆ ಎಲ್ಲಿಗೆ ಹೋದಾನು? ಮೂಲೆಯ ಹಲಗೆಯ ಮೇಲೆ ಕೂರುತ್ತಿದ್ದ. ನಾನು ತಾಟು ತಂದು ಮುಂದಿಟ್ಟು ಬರುತ್ತಿದ್ದೆ. ಅವನು ಬೇಕು ಅನ್ನುತ್ತಿರಲಿಲ್ಲ, ನಾನು ಸಾಕೇ ಎಂದು ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ದಿನಾ ಜಗಳವಾಡಿದ ನಾವು ಜಗಳವನ್ನೂ ಬಿಟ್ಟೆವು.

ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ, ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಎದ್ದು ಹೋಗಿದ್ದರು. ಮೂಲೆಯಲ್ಲಿ ಅಣ್ಣ ಒಬ್ಬನೇ ಉಣ್ಣುತ್ತಿದ್ದ. ಬಗಲಲ್ಲಿ ಕೋಲು ಊರಿಕೊಂಡು ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಒಳಗೆ ಬಂದ. "ದುಂಡವ್ವ ಅನ್ನೋರು ನೀವೇನಾ ಅಮ್ಮಾ? ನಾನು ಹವಾಲ್ದಾರ್ ಮರಿಗೌಡ. ಕಲ್ಮೇಶ್ ಸಾಹೇಬ್ರ ಕೈಕೆಳಗಿದ್ದೋನು" ಅಂದ. ಮಾತು ದಕ್ಷಿಣದ ಸೀಮೆಯದು. ಕೂರಿಸಿ, ತಾಟಿಗೆ ರೊಟ್ಟಿ ಝುಣಕ ಹಾಕಿದೆ. ಅವನು ಮುಟ್ಟಲಿಲ್ಲ. "ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ. ಮಿಲಿಟರಿ ಡಾಕ್ಟ್ರು ನಂಗೆ ತಲೆ ಸರಿಯಿಲ್ಲ ಅಂತ ಮನೆಗೆ ಕಳಿಸವ್ರೆ. ನನ್ನ ಹೆಂಡ್ತೀನೂ ಹಂಗೇ ಅಂತಾಳೆ" ಅಂದ.

"ಏನಾತು ಹೇಳಪಾ" ಅಂದೆ. "ಹೊಳೆ ದಾಟ್ತಿದ್ವಿ ಅಮ್ಮಾ. ಗಾಯ ಆದೋರೇ ಜಾಸ್ತಿ. ಸಾಹೇಬ್ರು ಒಬ್ಬೊಬ್ಬರನ್ನೇ ಆಚೆ ದಡಕ್ಕೆ ದಾಟಿಸ್ತಿದ್ರು. ಅರ್ಧ ಜನ ದಾಟಿದ್ರು, ಅಷ್ಟೊತ್ತಿಗೆ ಗುಂಡು ಬಂತು, ಎದೆಗೇ. ನನ್ನ ತೊಡೆ ಮೇಲೆ ಪ್ರಾಣ ಹೋಯ್ತು. ಕಣ್ಣು ಮುಚ್ಚಿದೋನು ನಾನೇ. ಆಮೇಲೆ..." ಎಂದು ತಡವರಿಸಿ, ತಲೆ ತಗ್ಗಿಸಿದ. "ಆಮ್ಯಾಲೆ ಎದ್ದ ಕೂತನೇನು?" ಎಂದು ಕೇಳಿದೆ. ಮರಿಗೌಡ ಬೆಚ್ಚಿಬಿದ್ದು ನನ್ನ ಮುಖ ನೋಡಿದ. "ನಿಮಗ್ ಹೆಂಗ್ ಗೊತ್ತು? ಎದ್ರು ಅಮ್ಮಾ! ಮಣ್ಣು ಕೊಡವಿಕೊಂಡು, ಯಾರ್ಯಾರು ಉಳಿದಿದೀರಿ ಅಂತ ಕೇಳಿದ್ರು. ಬೆನ್ನ ಮೇಲೆ ಹೊತ್ತು ದಾಟಿಸೋಕೆ ಶುರು ಮಾಡಿದ್ರು. ಗುಂಡು ತಾಗಿದ್ರೆ ನೊಣ ಓಡಿಸ್ದಂಗೆ ಕೈ ಬೀಸ್ತಿದ್ರು. ಹೊತ್ತು ಮುಳುಗೋವರೆಗೂ ದಾಟಿಸಿದ್ರು."

"ನಿನ್ನ ತಲಿ ಸರೀನ ಐತಿಪಾ. ನಮ್ಮೂರವರು ಹಂಗ. ಅರ್ಧಾ ಬಿಟ್ಟಿದ್ದನ್ನ ಮುಗಸಾಕ ಏಳ್ತಾರ. ಇಂವಾ ಮಣ್ಣ ಮಾಡೂತನಕಾನೂ ತಡೀಲಿಲ್ಲ" ಎಂದು ಹೇಳಿದೆ. ಹೇಳುತ್ತಿದ್ದಂತೆ ನನಗೇ ಎಲ್ಲ ತಿಳಿಯಿತು. ಕೆಲಸ ಅಂದರೆ ಊರಿನ ಕೆಲಸ, ಮನೆಯ ಕೆಲಸ ಎಂದೇ ನಾವೆಲ್ಲ ತಿಳಿದಿದ್ದೆವು. ಬಾಗಿಲು, ಹೊರಸು, ಅಂಗಿ, ಬಾವಿ. ಅಲ್ಲಿ ಗಡಿಯಲ್ಲಿ ಅವನು ಮಾಡುತ್ತಿದ್ದುದೂ ಕೆಲಸವೇ ಎಂದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಒಬ್ಬರಿಗೆ ಒಂದೇ ಕೆಲಸ. ಅವನ ಪಾಲಿನದು ಹೊಳೆಯ ದಂಡೆಯಲ್ಲಿ, ಸತ್ತ ದಿನವೇ ಮುಗಿದುಹೋಗಿತ್ತು. ನನಗೆ ಎದುರಿಗಿದ್ದ ಮನುಷ್ಯನ ಮೇಲೆ ಕೆಟ್ಟ ಸಿಟ್ಟು ಬಂತು. ಯಾರು ಹೆತ್ತ ಮಕ್ಕಳೋ ಇವರು, ನನ್ನ ಹುಡುಗನ ಬರುವಿಕೆಯನ್ನು ಬೆನ್ನೇರಿ ಕಸಿದುಕೊಂಡವರು ಅನ್ನಿಸಿತು. ಇವರಿಗಿಂತ ನಾನು ಕಡಿಮೆಯಾದೆನೇ ಎಂದು ಕಲ್ಮೇಶನ ಮೇಲೂ ಸಿಟ್ಟು ಬಂತು. ಮೂಲೆಯಲ್ಲಿ ಅಣ್ಣ ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಕಡೆಗೆ ಅವನೇ ನಮ್ಮೂರಿನ ರೀತಿಯನ್ನೆಲ್ಲ ಮರಿಗೌಡನಿಗೆ ಬಿಡಿಸಿ ಹೇಳಿದ. ಕೆಲಸ ಒಂದೇ ಎಂಬುದನ್ನೂ, ಅದು ಮುಗಿದರೆ ಹೊರಟುಹೋಗುತ್ತಾರೆ ಎಂಬುದನ್ನೂ, ಬಾವಿಯ ವಿಚಾರವನ್ನೂ.

ಕೇಳಿ ಮರಿಗೌಡನ ಮುಖ ಕಪ್ಪಿಟ್ಟಿತು. "ಕೊನೇಗೆ ಉಳಿದೋನು ನಾನೇ ಅಮ್ಮಾ. ಕಾಲು ಮುರಿದು ಬಿದ್ದಿದ್ದೆ. ಬೆನ್ನ ಮೇಲೆ ಹಾಕ್ಕೊಂಡು ಹೊರಟೋರು ನಡುಹೊಳೇಲಿ ಒಂದು ಗಳಿಗೆ ನಿಂತ್ಬಿಟ್ರು. ಯಾಕ್ ಸಾರ್ ಅಂದೆ. 'ನಮ್ಮತ್ತಿ ಹಿತ್ತಲದಾಗ ಒಂದ ಬಾವಿ ಅರ್ಧಾ ಬಿಟ್ಟ ಬಂದೀನಿ ಗೌಡ, ಅಕಿ ಹಾದಿ ನೋಡತಿರತಾಳ' ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಆಮೇಲೆ ನಕ್ಕು, ಇನ್ನೂ ಜೋರಾಗಿ ಹೆಜ್ಜೆ ಹಾಕಿದ್ರು. ದಡದಲ್ಲಿ ನನ್ನ ಇಳಿಸಿ, 'ಇನ್ನ ಯಾರರ ಅದಾರೇನು, ಮುಗೀತೇನು?' ಅಂತ ಕೇಳಿದ್ರು. ನಂಗೇನಮ್ಮಾ ಗೊತ್ತು? ಯಾರೂ ಇಲ್ಲ, ಮುಗೀತು ಸಾರ್ ಅಂದ್ಬಿಟ್ಟೆ. ಉಸ್ಸಪ್ಪಾ ಅಂತ ಕೂತ್ರು, ಅಷ್ಟೆ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಂಗೆ ಗೊತ್ತಿದ್ದಿದ್ರೆ ಇನ್ನೊಬ್ಬ ಉಳಿದವ್ನೆ ಸಾರ್ ಅಂತ ಒಂದು ಸುಳ್ಳು ಹೇಳ್ತಿದ್ದೆ. ಒಂದೇ ಒಂದು ಸುಳ್ಳು!"

ಆ ಸುಳ್ಳನ್ನು ಅವನು ಹೇಳಿದ್ದರೆ ಏನಾಗುತ್ತಿತ್ತೆಂದು ನನ್ನ ಕಣ್ಣಿಗೆ ಕಟ್ಟಿತು. "ಹೇಳಿದ್ರ ಹೊಳ್ಳಿ ಹೋಗತಿದ್ದ ಹುಚ್ಚಪ್ಪಾ" ಅಂದೆ. "ಹೋಗಿ ಹುಡುಕತಿದ್ದ. ಇಲ್ಲದವನ್ನ ಹುಡುಕ್ಕೋತ ಇವತ್ತಿಗೂ ಆ ದಂಡಿಯಿಂದ ಈ ದಂಡಿಗೆ ತಿರಗತಿದ್ದ." ಮೂಲೆಯಿಂದ ಅಣ್ಣ, "ಸಿಗೂತನಕಾ ಬಿಡತಿದ್ದಿಲ್ಲ ಮಗ. ಆ ಕಡೆಯವರ ಒಬ್ಬನ್ನರ ಹೊತ್ಕೊಂಡ ಬರತಿದ್ದ" ಅಂದ. ಅಂದವನು ತಾನೇ ಫಕ್ಕನೆ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಮರಿಗೌಡ ನಮ್ಮಿಬ್ಬರನ್ನೂ ನೋಡಿ, ಮೂಗು ಒರೆಸಿಕೊಳ್ಳುತ್ತ ತಾನೂ ನಕ್ಕ. ನಗುತ್ತ ನಗುತ್ತಲೇ ನನಗೆ ಅಳು ಉಕ್ಕಿ ಬಂತು. ಇಷ್ಟು ದಿನ ಬರುತ್ತಾನೆಂದು ತಡೆದಿಟ್ಟುಕೊಂಡಿದ್ದದ್ದೆಲ್ಲ ಬಂತು. ನನ್ನ ಹುಡುಗ ಇನ್ನು ಬರುವುದಿಲ್ಲ. ನನಗೆ ಅವನ ಮೇಲಿದ್ದ ಜಂಬ ಮಾತ್ರ ಆಗ ಎದೆಯಲ್ಲಿ ಹಿಡಿಸಲಾರದಷ್ಟಾಯಿತು.

ಸೆರಗಿನಿಂದ ಮುಖ ಒರೆಸಿಕೊಂಡು ನೋಡಿದರೆ ಮೂಲೆಯ ಹಲಗೆ ಖಾಲಿಯಿತ್ತು. ಹಿತ್ತಲಿಂದ ಗುದ್ದಲಿಯ ಸಪ್ಪಳ ಕೇಳಿಸಿತು, ಒಂದು, ಇನ್ನೊಂದು. ದಾರಿ ಮುಚ್ಚೀತೆಂಬ ಭಯ ಇನ್ನಿಲ್ಲವೆಂದು, ಚನ್ನವೀರಯ್ಯನವರು ಬರಡು ಎಂದ ನೆಲದಲ್ಲಿ ಅಣ್ಣ ಮಗನ ಕೆಲಸಕ್ಕೆ ಕೈ ಹಾಕಿದ್ದ. ಮರಿಗೌಡ ಗಾಬರಿಯಾಗಿ ನನ್ನ ಕಡೆ ನೋಡಿದ. "ಉಣ್ಣಪಾ ನೀನು, ರೊಟ್ಟಿ ಆರಾಕತ್ತಾವು" ಎಂದು ಅವನ ತಾಟಿಗೆ ಇನ್ನಷ್ಟು ಝುಣಕ ಹಾಕಿ, ಹಿತ್ತಲ ಬಾಗಿಲಿಗೆ ಹೋಗಿ ನಿಂತು, ಎಷ್ಟೋ ದಿನದಿಂದ ಮಾತಾಡಿಸದ ಅಣ್ಣನನ್ನು ಕೂಗಿದೆ: "ಅಣ್ಣಾ, ಒಬ್ಬನ ಮಣ್ಣ ಹೊರಬ್ಯಾಡೋ, ನಡಾ ಹಿಡದೀತು. ತಡಿ, ಬುಟ್ಟಿ ತಗೊಂಡ ನಾನೂ ಬಂದೆ."